ಮರ ದಾಟಿ ಬಂದ ಮಳೆ

ಜೂನ್ ಜುಲೈನಲ್ಲಿ ಕೊಡಗಿನ ಇಬ್ಬರು ತೋಟದವರು ಫೋನಲ್ಲಿ ಸಿಕ್ಕಿದ್ರೆ ಮೊದಲು ಕೇಳೋದೇ ಮಳೆ ಎಷ್ಟಾಯ್ತು ಅಂತ. ನಿಮ್ಮಲ್ಲಿ ಎಷ್ಟು? 3 ಇಂಚು 20 ಸೆಂಟ್. ನಮ್ಮಲ್ಲಿ 4 ದಾಟಿತು. ಮಿಲಿಮೀಟರ್ ಬಂದು ಎಷ್ಟೋ ಕಾಲ ಆದ್ರೂ ನಮ್ಮ ಬಾಯಲ್ಲಿ ಇನ್ನೂ ಇಂಚು ಸೆಂಟೇ, 100 ಸೆಂಟ್ ಸೇರಿದ್ರೆ 1 ಇಂಚು, ಅಂದ್ರೆ 25.4 ಮಿಲಿಮೀಟರ್. ಹಳೇ ತೋಟದ ಮನೆಗಳಲ್ಲಿ ಅಜ್ಜನ ಕಾಲದಿಂದ ಬಂದ ಮಳೆ ಪುಸ್ತಕ ಇರುತ್ತೆ, ದಿನಾ ಬೆಳಿಗ್ಗೆ ಮಳೆ ಅಳೆಯೋ ಗೇಜ್ ನೋಡಿ ಬರೆದಿಟ್ಟಿರ್ತಾರೆ, ಮನೆಯಲ್ಲಿ ಮದುವೆ ಇರ್ಲಿ ಸಾವಿರ್ಲಿ ಆ ಕಾಲಂ ಖಾಲಿ ಬಿಡಲ್ಲ. ಆ ಪುಸ್ತಕಗಳ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದ್ರೆ ಅದರಲ್ಲಿ ಇರೋದು ಬಯಲಲ್ಲಿ ಬಿದ್ದ ಮಳೆಯ ಲೆಕ್ಕ, ಗೇಜ್ ಇಡೋದೇ ಮೇಲೆ ಮರದ ಕೊಂಬೆ ಇಲ್ಲದ ಕಡೆ, ಹಾಗೇ ಇಡಬೇಕು ಅನ್ನೋದು ನಿಯಮ. ನಮ್ಮ ಕಾಫಿ ಗಿಡದ ಬೇರಿಗೆ ಸಿಗೋ ನೀರು ಮಾತ್ರ ಬೇರೆ. ಅದು ಮೇಲಿನ ಮರಗಳ ಎಲೆ, ಕೊಂಬೆ, ತೊಗಟೆ, ಪಾಚಿ ಎಲ್ಲಾ ದಾಟ್ಕೊಂಡು ಕೆಳಗೆ ಬಂದಿರುತ್ತೆ, ಅಷ್ಟು ಹೊತ್ತಿಗೆ ಅದರ ಪ್ರಮಾಣನೂ ಬದಲಾಗಿರುತ್ತೆ, ಒಳಗೆ ಕರಗಿರೋ ವಸ್ತುಗಳೂ ಬದಲಾಗಿರ್ತವೆ. ಇದನ್ನ ನಮ್ಮ ಕಡೆ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ ಅನ್ನೋದು ನನ್ನ ಬಹಳ ದಿನದ ಕೊರಗು. ಮರದ ಬಗ್ಗೆ ಮಾತು ಬಂದ್ರೆ ಎರಡೇ ವಿಷಯ, ನೆರಳು ಎಷ್ಟು ಇದೆ, ಕಡಿದ್ರೆ ಎಷ್ಟು ಸಿಎಫ್‌ಟಿ, ಅಂದ್ರೆ ಎಷ್ಟು ಘನ ಅಡಿ ನಾಟಾ ಸಿಗುತ್ತೆ.

ಮೊದಲು ಪ್ರಮಾಣದ ವಿಷಯ ಹೇಳಿ ಮುಗಿಸ್ತೀನಿ, ಯಾಕಂದ್ರೆ ನನಗೆ ಹೇಳಬೇಕಿರೋದು ಮುಖ್ಯವಾಗಿ ಒಳಗಿನ ರಸಾಯನದ ಬಗ್ಗೆ. ಮರದ ಮೇಲೆ ಬಿದ್ದ ಮಳೆಗೆ ಮೂರು ದಾರಿ. ಒಂದಷ್ಟು ಎಲೆ ಮೇಲೇ ಕೂತು ಆರಿ ಹೋಗುತ್ತೆ, ನೆಲಕ್ಕೆ ಬರೋದೇ ಇಲ್ಲ. ಬಹುಪಾಲು ಎಲೆಗಳ ಸಂದಿಯಿಂದ ಅಥವಾ ಎಲೆ ತುದಿಯಿಂದ ಹನಿಯಾಗಿ ಬೀಳುತ್ತೆ, ವಿಜ್ಞಾನಿಗಳು ಇದಕ್ಕೆ ತ್ರೂಫಾಲ್ ಅಂತಾರೆ, ನಾನು ಮರದ ಹನಿ ಅಂತಲೇ ಬರೀತೀನಿ. ಇನ್ನು ಸ್ವಲ್ಪ ಭಾಗ ಕೊಂಬೆ ಹಿಡ್ಕೊಂಡು ಕಾಂಡದ ಮೇಲೆ ಹರಿದು ಬುಡಕ್ಕೆ ಇಳಿಯುತ್ತೆ, ಇದು ಸ್ಟೆಮ್‌ಫ್ಲೋ, ಹೆಚ್ಚಿನ ಕಾಡುಗಳಲ್ಲಿ ಒಟ್ಟು ಮಳೆಯ ನೂರರಲ್ಲಿ ಕೆಲವೇ ಭಾಗ. ಎಲೆ ಮೇಲೆ ಉಳಿದು ಆರೋ ಭಾಗ ಮಳೆಯ ಸ್ವಭಾವ ನೋಡ್ಕೊಂಡು ಇರುತ್ತೆ. ಮಾರ್ಚ್‌ನಲ್ಲಿ 10 ಸೆಂಟ್ ಮಳೆ ಬಂತು ಅನ್ಕೊಳ್ಳಿ, ಅಂದ್ರೆ ಎರಡೂವರೆ ಮಿಲಿಮೀಟರ್, ದಟ್ಟ ಮರದ ಎಲೆಗಳು ತುಂಬ್ಕೊಳ್ಳೋಕೇ ಒಂದೆರಡು ಮಿಲಿಮೀಟರ್ ಬೇಕು, ಹಾಗಾಗಿ ಗೇಜ್‌ನಲ್ಲಿ ಮಳೆ ಕಂಡ್ರೂ ಮರದ ಕೆಳಗೆ ನೆಲ ಸರಿಯಾಗಿ ನೆನೆದಿರಲ್ಲ. ಅದೇ ಪುನರ್ವಸು ಪುಷ್ಯ ಮಳೆ ಹಿಡಿದು ಕೂತಾಗ ಎಲೆ ಆರೋ ಪ್ರಶ್ನೆನೇ ಇಲ್ಲ, ಬಿಸಿಲಿಲ್ಲ, ಗಾಳಿ ಪೂರ್ತಿ ತೇವ, ಆಗ ಮೇಲೆ ಬಿದ್ದದ್ದು ಹೆಚ್ಚುಕಮ್ಮಿ ಪೂರ್ತಿ ಕೆಳಗೆ ಬರುತ್ತೆ.

ಈಗ ಒಳಗಿನ ವಿಷಯ. ಇದನ್ನ ಓದಿ ತಿಳ್ಕೊಳ್ಳೋದಕ್ಕಿಂತ ಒಂದ್ಸಲ ಕಣ್ಣಲ್ಲಿ ನೋಡಿದ್ರೆ ಸಾಕು. ಎರಡು ಬಿಳಿ ಬಕೆಟ್ ಚೆನ್ನಾಗಿ ತೊಳೆದು ಒಂದನ್ನ ಕಾಫಿ ಒಣಗಿಸೋ ಕಣದ ಮಧ್ಯ, ಇನ್ನೊಂದನ್ನ ಮನೆ ಹಿಂದಿನ ಹಳೇ ಅತ್ತಿ ಮರದ ಕೆಳಗೆ ಇಟ್ಟಿದ್ದೆ, ಬೇಸಿಗೆ ಕೊನೆಯ ಗುಡುಗು ಮಳೆಗೆ. ಬೆಳಿಗ್ಗೆ ನೋಡಿದ್ರೆ ಕಣದ ನೀರು ತಿಳಿಯಾಗಿತ್ತು, ತಳ ಬೆಳ್ಳಗೆ ಕಾಣ್ತಿತ್ತು. ಅತ್ತಿ ಕೆಳಗಿನದು ಕಂದು ಬಣ್ಣ, ಮೇಲೆ ತೆಳುವಾಗಿ ನೊರೆ, ಅಂಚಿನಲ್ಲಿ ಹಳದಿ ಪುಡಿ ಗೆರೆ ಕಟ್ಟಿತ್ತು, ತಳದಲ್ಲಿ ಹುಳದ ಹಿಕ್ಕೆಯ ಸಣ್ಣ ಕಪ್ಪು ಕಾಳುಗಳು, ಒಂದು ಹಕ್ಕಿ ಪುಕ್ಕ. ನಮ್ಮಲ್ಲಿ ಮರ ಹತ್ತೋ ಅಣ್ಣ ಅದನ್ನ ನೋಡಿ "ಅಕ್ಕ, ಈ ಬಕೆಟ್ ತೊಳೀದೇ ಇಟ್ರಾ?" ಅಂತ ಕೇಳಿದ್ರು. ಕುಡಿಯೋ ನೀರಲ್ಲಿ ಎಷ್ಟು ಲವಣ ಕರಗಿದೆ ಅಂತ ಚೆಕ್ ಮಾಡೋ ಟಿಡಿಎಸ್ ಮೀಟರ್ ಅದ್ದಿ ಇಬ್ಬರೂ ನೋಡಿದ್ವಿ, ಕಣದ ನೀರಿಗಿಂತ ಅತ್ತಿ ಕೆಳಗಿನ ನೀರು ಎಷ್ಟೋ ಪಟ್ಟು ಜಾಸ್ತಿ ತೋರಿಸ್ತು. ಅವರು ಮೀಟರ್ ತಗೊಂಡು ಹೋಗಿ ಹೊಳೆ ನೀರು, ಬಾವಿ ನೀರು, ಲೈನ್‌ಮನೆ ನಲ್ಲಿ ನೀರು ಎಲ್ಲಾ ನೋಡ್ಕೊಂಡು ಬಂದ್ರು.

ಆ ಕಂದು ಬಣ್ಣ ಎಲೆ ಮತ್ತು ತೊಗಟೆಯಿಂದ ಕರಗಿ ಬಂದ ಟ್ಯಾನಿನ್ ಮತ್ತೆ ಬೇರೆ ಸಾವಯವ ಪದಾರ್ಥಗಳದ್ದು, ಅದರ ಜೊತೆ ಸಕ್ಕರೆ, ಸಾವಯವ ಆಮ್ಲಗಳೂ ಇರ್ತವೆ, ಇವೆಲ್ಲ ನೆಲಕ್ಕೆ ಇಳಿದ ಕೂಡ್ಲೇ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಆಹಾರ. ಹಳದಿ ಪುಡಿ ಪರಾಗ. ಹಿಕ್ಕೆಯಲ್ಲಿ ಸಾರಜನಕ, ಹಕ್ಕಿ ಹಿಕ್ಕೆಯಲ್ಲಿ ರಂಜಕ. ಆದ್ರೆ ಕಣ್ಣಿಗೆ ಕಾಣದೇ ಕರಗಿರೋದೇ ಜಾಸ್ತಿ ಮುಖ್ಯ, ಮತ್ತೆ ಅದು ಎರಡು ಬೇರೆ ಬೇರೆ ಕಡೆಯಿಂದ ಬಂದಿರುತ್ತೆ. ಒಂದು, ಗಾಳಿಯಿಂದ ಎಲೆ ಮೇಲೆ ಕೂತಿದ್ದು. ಇನ್ನೊಂದು, ಎಲೆಯ ಒಳಗಿಂದಲೇ ಹೊರಗೆ ಬಂದಿದ್ದು.

ಗಾಳಿಯಿಂದ ಬರೋದನ್ನ ನಾವು ಮಳೆ ಜೊತೆ ಮಾತ್ರ ನೆನಪಿಸ್ಕೊಳ್ತೀವಿ, ಆದ್ರೆ ಮಳೆ ಇಲ್ಲದ ದಿನಗಳಲ್ಲೂ ಅದು ಬೀಳ್ತಾನೇ ಇರುತ್ತೆ. ಜನವರಿಯಿಂದ ಮಾರ್ಚ್‌ವರೆಗೆ ನಮ್ಮಲ್ಲಿ ಗಾಳಿ ಹೆಚ್ಚಾಗಿ ಒಳನಾಡಿನ ಕಡೆಯದು, ಬಯಲುಸೀಮೆ ಧೂಳು, ಹೊಲ ಗದ್ದೆ ಕಾಡಿಗೆ ಹಚ್ಚೋ ಬೆಂಕಿಯ ಹೊಗೆ, ವಾಹನಗಳ ನೈಟ್ರೋಜನ್ ಆಕ್ಸೈಡ್, ಗೊಬ್ಬರ ಮತ್ತು ದನದ ಕೊಟ್ಟಿಗೆಯ ಅಮೋನಿಯಾ, ಎಲ್ಲಾ ತೇಲ್ಕೊಂಡು ಬಂದು ಎಲೆ ಮೇಲೆ ಕೂರುತ್ತೆ. ಬಯಲು ನೆಲಕ್ಕಿಂತ ಮರದಲ್ಲಿ ಜಾಸ್ತಿ ಕೂರುತ್ತೆ, ಯಾಕಂದ್ರೆ ಒಂದು ದೊಡ್ಡ ಮರದ ಎಲೆಗಳೆಲ್ಲ ಬಿಡಿಸಿ ಹಾಸಿದ್ರೆ ಅದು ನೆರಳು ಕೊಡೋ ಜಾಗದ ಹಲವು ಪಟ್ಟು ಆಗುತ್ತೆ, ಮೇಲಾಗಿ ಕೊರಕಲು ಕೊರಕಲಾದ ಮರದ ತಲೆಗಳ ಮೇಲೆ ಗಾಳಿ ಸುಳಿ ಸುತ್ತುತ್ತೆ, ಹಾಗಾಗಿ ಕಣಗಳು ಎಲೆಗೆ ಬಡಿಯೋದು ಹೆಚ್ಚು. ತೋಟದ ಅಂಚಿನ ಮರಗಳಿಗೆ ಇನ್ನೂ ಜಾಸ್ತಿ ಪಾಲು. 275ರ ಹೆದ್ದಾರಿ ಪಕ್ಕ ಸುಂಟಿಕೊಪ್ಪದ ಹತ್ತಿರ ಏಪ್ರಿಲ್‌ನಲ್ಲಿ ರಸ್ತೆ ಬದಿ ಮರದ ಎಲೆ ಒಂದು ಕಿತ್ತು ಬೆರಳಲ್ಲಿ ಒರೆಸಿ ನೋಡಿ, ಆಮೇಲೆ ಅದೇ ಜಾತಿ ಮರದ ಎಲೆ ತೋಟದ ನಡುವಿಂದ ತಂದು ಒರೆಸಿ ನೋಡಿ.

ಮೊದಲ ಮಳೆ ಇದನ್ನೆಲ್ಲ ಒಟ್ಟಿಗೆ ತೊಳೆದು ಇಳಿಸುತ್ತೆ. ಫಿಲ್ಟರ್‌ನಲ್ಲಿ ಪುಡಿ ಹಾಕಿ ಮೊದಲ ಸಲ ನೀರು ಹೊಯ್ದಾಗ ಇಳಿಯೋ ಡಿಕಾಕ್ಷನ್ ಗಟ್ಟಿ, ಎರಡನೇ ಸಲದ್ದು ತೆಳು, ಮೂರನೇದಕ್ಕೆ ಬಣ್ಣ ಅಷ್ಟೇ. ಹಾಗೇ ಬೇಸಿಗೆಯಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಟೈಮಲ್ಲಿ ಮರದಿಂದ ಇಳಿಯೋ ನೀರು ವರ್ಷದಲ್ಲೇ ಗಟ್ಟಿ ನೀರು, ಆಮೇಲೆ ಜುಲೈ ಹೊತ್ತಿಗೆ ಲೀಟರ್ ಲೆಕ್ಕದಲ್ಲಿ ತೀರಾ ತೆಳ್ಳಗಾಗಿರುತ್ತೆ. ಆದ್ರೆ ತೆಳು ಅಂತ ಬಿಡೋ ಹಾಗಿಲ್ಲ, ಆಗ ಬೀಳೋ ನೀರಿನ ಪ್ರಮಾಣ ಅಷ್ಟು ದೊಡ್ಡದು.

ಮುಂಗಾರಿನ ಮಳೆಯ ಸ್ವಭಾವವೇ ಬೇರೆ. ಅದು ಅರಬ್ಬಿ ಸಮುದ್ರದಿಂದ ನೇರ ಬರುತ್ತೆ. ನಕ್ಷೆ ತೆಗೆದು ನೋಡಿ, ತಲಕಾವೇರಿಯಿಂದ ಪಶ್ಚಿಮಕ್ಕೆ ನೇರ ಗೆರೆ ಎಳೆದ್ರೆ ಸಮುದ್ರ ಸುಮಾರು 50 ಕಿಲೋಮೀಟರ್ ಅಷ್ಟೇ, ನಾವು ಬೆಟ್ಟದ ಜನ ಅಂತ ಅನ್ಕೊಂಡಿದ್ರೂ ಉಪ್ಪಿನ ನೀರಿಗೆ ಅಷ್ಟು ಹತ್ತಿರ ಇದ್ದೀವಿ. ಅಲೆಗಳ ನೊರೆ ಒಡೆದು ಹಾರಿದ ಸೂಕ್ಷ್ಮ ಉಪ್ಪಿನ ಕಣಗಳು ಮೋಡದಲ್ಲೂ ಇರ್ತವೆ, ಗಾಳಿಯಲ್ಲೂ ಇರ್ತವೆ, ಮುಂಗಾರು ಮಳೆಯಲ್ಲಿ ಸೋಡಿಯಂ ಕ್ಲೋರೈಡ್ ಪಾಲು ದೊಡ್ಡದಿರೋದು ಅದಕ್ಕೇ. ಹಿಂಗಾರಿನಲ್ಲಿ ಮತ್ತೆ ಬೇಸಿಗೆ ಮಳೆಯಲ್ಲಿ ನೆಲದ ಧೂಳಿನ ಕ್ಯಾಲ್ಸಿಯಂ ಹೆಚ್ಚು. ಈ ಧೂಳಿನ ಕ್ಯಾಲ್ಸಿಯಂ ಇಂದಲೇ ನಮ್ಮ ದೇಶದ ಬಹಳಷ್ಟು ಕಡೆ ಮಳೆ ಅಷ್ಟು ಹುಳಿ ಆಗಿಲ್ಲ, ಗಂಧಕದ, ಸಾರಜನಕದ ಆಮ್ಲಗಳನ್ನ ಅದು ತಣಿಸಿಬಿಡುತ್ತೆ. ಏನೂ ಬೆರೆಯದ ಮಳೆ ನೀರೂ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿಸ್ಕೊಂಡು ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಕೆಳಗೆ ಹೋದಷ್ಟೂ ಹುಳಿ ಜಾಸ್ತಿ) 5.6ರ ಹತ್ತಿರ ಇರುತ್ತೆ, ಹುಳಿ ಮಳೆ ಅನ್ನೋದು ಅದಕ್ಕಿಂತ ಕೆಳಗೆ ಹೋದ್ರೆ.

ಆ ಸೋಡಿಯಂ ಬಗ್ಗೆ ನನಗೆ ತುಂಬಾ ಇಷ್ಟವಾದ ಒಂದು ಲೆಕ್ಕ ಇದೆ. ಮರದ ಕೆಳಗಿನ ನೀರಲ್ಲಿ ಜಾಸ್ತಿ ಕಂಡ ವಸ್ತು ಗಾಳಿಯಿಂದ ಬಂದದ್ದೋ ಎಲೆಯಿಂದ ಬಂದದ್ದೋ ಅಂತ ಹೇಗೆ ಹೇಳೋದು? ಎರಡೂ ಕರಗಿ ಒಂದಾಗಿರುತ್ತಲ್ಲ. ಜರ್ಮನಿಯ ಗೊಟ್ಟಿಂಗನ್‌ನ ಬೆರ್ನ್‌ಹಾರ್ಡ್ ಉಲ್ರಿಚ್ ಅನ್ನೋ ಮಣ್ಣು ವಿಜ್ಞಾನಿ 1983ರಲ್ಲಿ ಒಂದು ದಾರಿ ತೋರಿಸಿದ್ರು. ಮರದ ಎಲೆ ಸೋಡಿಯಂ ಅನ್ನ ಹೆಚ್ಚೇನೂ ಹೀರಲ್ಲ, ಹೆಚ್ಚೇನೂ ಬಿಡಲ್ಲ. ಹಾಗಾದ್ರೆ ಬಯಲ ಮಳೆಗಿಂತ ಮರದ ಹನಿಯಲ್ಲಿ ಎಷ್ಟು ಸೋಡಿಯಂ ಹೆಚ್ಚಿದೆಯೋ ಅದು ಮರ ಗಾಳಿಯಿಂದ ಹಿಡಿದದ್ದು. ಅದೇ ಅನುಪಾತದಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಷಿಯಂ ಕೂಡ ಗಾಳಿಯಿಂದ ಹಿಡಿದಿರುತ್ತೆ ಅಂತ ಲೆಕ್ಕ ಹಾಕಿ ಕಳೆದುಬಿಟ್ರೆ ಉಳಿದದ್ದು ಎಲೆ ಕೊಟ್ಟದ್ದು. ಇದರಲ್ಲಿ ಅಂದಾಜು ಇದೆ, ಎಲ್ಲಾ ಕಣಗಳೂ ಒಂದೇ ಗಾತ್ರ ಅಲ್ಲ, ಗಾಳಿಯಲ್ಲಿ ಒಂದೇ ಥರ ತೇಲಲ್ಲ, ಆದ್ರೂ ಇಷ್ಟು ಸರಳ ಯೋಚನೆ ಇವತ್ತಿಗೂ ಪ್ರಪಂಚದ ಕಾಡುಗಳಲ್ಲಿ ಬಳಕೆಯಲ್ಲಿದೆ.

ಉಲ್ರಿಚ್ ಅವರು ಈ ಲೆಕ್ಕಕ್ಕೆ ಬಂದದ್ದು ಸೋಲಿಂಗ್ ಅನ್ನೋ ಬೆಟ್ಟದ ಕಾಡಲ್ಲಿ ಬೀಚ್ ಮತ್ತು ಸ್ಪ್ರೂಸ್ ಮರಗಳ ಕೆಳಗೆ ವರ್ಷಗಟ್ಟಲೆ ನೀರು ಹಿಡಿದು ಅಳೆದು. ಬಯಲಿಗಿಂತ ಬೀಚ್ ಕೆಳಗೆ ಗಂಧಕ ಜಾಸ್ತಿ ಬೀಳ್ತಿತ್ತು, ಬೀಚ್‌ಗಿಂತ ಸ್ಪ್ರೂಸ್ ಕೆಳಗೆ ಇನ್ನೂ ಜಾಸ್ತಿ, ಯಾಕಂದ್ರೆ ಬೀಚ್ ಚಳಿಗಾಲದಲ್ಲಿ ಎಲೆ ಉದುರಿಸಿ ನಿಲ್ಲುತ್ತೆ, ಸ್ಪ್ರೂಸ್ ಸೂಜಿ ಎಲೆ ವರ್ಷಪೂರ್ತಿ ಇರುತ್ತೆ, ಕಲ್ಲಿದ್ದಲ ಹೊಗೆ ಜೋರಾಗಿರೋ ಚಳಿಗಾಲದಲ್ಲೇ ಅದು ಹಿಡೀತಾ ಇರುತ್ತೆ. ಒಂದೇ ಆಕಾಶ, ಒಂದೇ ಮಳೆ, ಎರಡು ಜಾತಿ ಮರದ ಕೆಳಗಿನ ಮಣ್ಣಿಗೆ ಎರಡು ಥರದ ನೀರು. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳೇ ಇದು. 1980ರ ದಶಕದಲ್ಲಿ ಜರ್ಮನಿಯಲ್ಲಿ ಕಾಡು ಸಾಯ್ತಿದೆ ಅಂತ ದೊಡ್ಡ ಗದ್ದಲ ಎದ್ದಾಗ ಮಾತಾಡೋಕೆ ಅಂಕಿ ಅಂಶ ಕೈಯಲ್ಲಿ ಇದ್ದದ್ದು ಹೀಗೆ ಮರದ ಕೆಳಗೆ ಬಾಟಲ್ ಇಟ್ಟು ಕಾದವರ ಹತ್ತಿರ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹಬರ್ಡ್ ಬ್ರೂಕ್ ಕಾಡಲ್ಲೂ ಅಷ್ಟೇ, 1963ರಲ್ಲಿ ಪರಿಸರ ವಿಜ್ಞಾನಿ ಜೀನ್ ಲೈಕೆನ್ಸ್ ಮತ್ತವರ ಜೊತೆಯವರು ಹಿಡಿದ ಮೊದಲ ಮಳೆ ಸ್ಯಾಂಪಲ್‌ನ ಪಿಎಚ್ 3.7 ಬಂತು. ದಶಕಗಳ ಹುಳಿ ಮಳೆಗೆ ಅಲ್ಲಿನ ಮಣ್ಣಿನ ಕ್ಯಾಲ್ಸಿಯಂ ತೊಳೆದು ಹೋಗಿ, ಕೊನೆಗೆ 1999ರಲ್ಲಿ ಒಂದು ಜಲಾನಯನಕ್ಕೆ ವೊಲಾಸ್ಟೊನೈಟ್ ಅನ್ನೋ ಕ್ಯಾಲ್ಸಿಯಂ ಖನಿಜವನ್ನ ಹೆಲಿಕಾಪ್ಟರ್‌ನಲ್ಲಿ ತಂದು ಎರಚಿದ್ರು. ನಾವು ವರ್ಷ ಬಿಟ್ಟು ವರ್ಷ ತೋಟಕ್ಕೆ ಸುಣ್ಣ ಎರಚೋ ಜನ, ಅದರ ಖರ್ಚು ಏನು ಅಂತ ನಮಗೆ ಗೊತ್ತು.

ಎಲೆಯ ಒಳಗಿಂದ ಬರೋದರಲ್ಲಿ ಎಲ್ಲಕ್ಕಿಂತ ಮುಂದೆ ಇರೋದು ಪೊಟ್ಯಾಷಿಯಂ, ನಾವು ಪೊಟ್ಯಾಷ್ ಅಂತ ಚೀಲದಲ್ಲಿ ತರೋದು ಇದೇ. ಕ್ಯಾಲ್ಸಿಯಂ ಎಲೆಯ ಜೀವಕೋಶದ ಗೋಡೆಗೆ ಅಂಟಿ ಕೂತಿರುತ್ತೆ, ಪೊಟ್ಯಾಷಿಯಂ ಹಾಗಲ್ಲ, ಗಿಡದ ರಸದಲ್ಲಿ ಅಯಾನ್ ಆಗಿ ಸುಮ್ಮನೆ ಓಡಾಡ್ಕೊಂಡು ಇರುತ್ತೆ, ಎಲೆ ನೆನೆದು ಕೂತ್ರೆ ಸುಲಭವಾಗಿ ಹೊರಗೆ ಬಂದುಬಿಡುತ್ತೆ. ವಯಸ್ಸಾದ ಎಲೆ, ಹುಳ ಕಚ್ಚಿದ ಎಲೆಯಿಂದ ಇನ್ನೂ ಜಾಸ್ತಿ. ಇದರ ಗಾತ್ರ ಅರ್ಥ ಆಗಬೇಕಾದ್ರೆ ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಹೆಕ್ಟೇರ್ ಮೇಲೆ 1 ಮಿಲಿಮೀಟರ್ ಮಳೆ ಅಂದ್ರೆ 10,000 ಲೀಟರ್. ವರ್ಷಕ್ಕೆ 2500 ಮಿಲಿಮೀಟರ್ ನೀರು ಮರ ದಾಟಿ ಇಳೀತು ಅಂದ್ರೆ ಎರಡೂವರೆ ಕೋಟಿ ಲೀಟರ್. ಒಂದೊಂದು ಲೀಟರಲ್ಲೂ ಬರೀ 1 ಮಿಲಿಗ್ರಾಂ ಪೊಟ್ಯಾಷಿಯಂ ಇದ್ರೂ ಹೆಕ್ಟೇರಿಗೆ 25 ಕೆಜಿ ಆಯ್ತು. ನಾವು ತರೋ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಚೀಲದ ಮೇಲೆ 60 ಪರ್ಸೆಂಟ್ ಅಂತ ಬರೆದಿರೋದು ಕೆ2ಓ, ಅಂದ್ರೆ ಪೊಟ್ಯಾಷಿಯಂ ಆಕ್ಸೈಡ್ ಲೆಕ್ಕದಲ್ಲಿ, ಶುದ್ಧ ಪೊಟ್ಯಾಷಿಯಂ ಲೆಕ್ಕಕ್ಕೆ ಅದು ಚೀಲದ ತೂಕದ ಅರ್ಧ, 50 ಕೆಜಿ ಚೀಲದಲ್ಲಿ 25 ಕೆಜಿ. ಅಂದ್ರೆ ಲೀಟರಿಗೆ 1 ಮಿಲಿಗ್ರಾಂಗೇ ಪೂರ್ತಿ ಒಂದು ಚೀಲ. ನಾಲಿಗೆಗೆ ಗೊತ್ತಾಗಲ್ಲ, ಕಣ್ಣಿಗೆ ಕಾಣಲ್ಲ, ಲೋಡ್ ಇಳಿಸೋ ಕೂಲಿ ಇಲ್ಲ.

ಇದು ಪುಕ್ಕಟೆ ಬಂದ ಹೊಸ ಪೊಟ್ಯಾಷಿಯಂ ಅಂತ ಮಾತ್ರ ಯಾರೂ ತಿಳ್ಕೋಬಾರ್ದು. ಬಹುಪಾಲು ಅದೇ ಮರ ಬೇರಿನಿಂದ ಮೇಲಕ್ಕೆ ಎಳೆದದ್ದು, ಕಾಫಿ ಬೇರು ಮುಟ್ಟದ ಆಳದಿಂದ ತಂದದ್ದೂ ಅದರಲ್ಲಿ ಇರಬಹುದು. ಅದನ್ನ ಮರ ಮತ್ತೆ ನೆಲದ ಮೇಲ್ಪದರಕ್ಕೆ ಇಳಿಸ್ತಾ ಇದೆ, ಮಳೆಗಾಲ ಪೂರ್ತಿ, ಸ್ವಲ್ಪ ಸ್ವಲ್ಪ. ನಮ್ಮ ಇಳಿಜಾರಲ್ಲಿ ಒಂದೇ ಸಲ ಚೆಲ್ಲಿದ ಗೊಬ್ಬರ ಒಂದು ಜೋರು ಮಳೆಗೆ ಹೊಳೆ ಸೇರೋದನ್ನ ನೋಡಿದವರಿಗೆ ಈ ಸ್ವಲ್ಪ ಸ್ವಲ್ಪ ಅನ್ನೋದರ ಬೆಲೆ ಗೊತ್ತಾಗುತ್ತೆ.

ಹುಳಿಯ ವಿಷಯವೂ ಇದರ ಜೊತೆಗೇ ಬರುತ್ತೆ. ಹುಳಿ ನೀರು ಎಲೆ ಮೇಲೆ ಬಿದ್ದಾಗ ನೀರಿಗೆ ಹುಳಿ ಕೊಡೋ ಹೈಡ್ರೋಜನ್ ಅಯಾನ್ ಎಲೆ ಒಳಗೆ ಹೋಗಿ ಅದರ ಜಾಗದಲ್ಲಿ ಪೊಟ್ಯಾಷಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂ ಹೊರಗೆ ಬರುತ್ತೆ. ಅಗಲ ಎಲೆಯ ಮರಗಳ ಕೆಳಗೆ ಬೀಳೋ ನೀರು ಸಾಮಾನ್ಯವಾಗಿ ಬಯಲ ಮಳೆಗಿಂತ ಕಮ್ಮಿ ಹುಳಿ ಇರೋದು ಇದರಿಂದ, ಸೂಜಿ ಎಲೆ ಮರಗಳಲ್ಲಿ ಎಷ್ಟೋ ಸಲ ಉಲ್ಟಾ. ಓದೋಕೆ ಚೆನ್ನಾಗಿದೆ, ಮರ ಮಳೆಯ ಹುಳಿ ತೆಗೀತು ಅಂತ. ಆದ್ರೆ ಹುಳಿ ಎಲ್ಲೂ ಮಾಯ ಆಗಿಲ್ಲ. ಕಳ್ಕೊಂಡ ಕ್ಯಾಲ್ಸಿಯಂ ಪೊಟ್ಯಾಷಿಯಂ ಮರ ಮತ್ತೆ ಮಣ್ಣಿಂದಲೇ ತಗೋಬೇಕು, ತಗೊಳ್ಳುವಾಗ ಬೇರು ಅದರ ಬದಲಿಗೆ ಹೈಡ್ರೋಜನ್ ಅಯಾನ್ ಬಿಡುತ್ತೆ. ಎಲೆಯ ಮೇಲಿನ ಹುಳಿ ಬೇರಿನ ಬುಡಕ್ಕೆ ದಾಟಿತು ಅಷ್ಟೇ. ಮಣ್ಣಲ್ಲಿ ಕ್ಯಾಲ್ಸಿಯಂ ದಾಸ್ತಾನು ಇರೋವರೆಗೆ ತೊಂದರೆ ಇಲ್ಲ, ಆಮೇಲೆ ತೊಂದರೆ. ನಮ್ಮ ಮಣ್ಣಾದ್ರೋ ಸಾವಿರಾರು ಮಿಲಿಮೀಟರ್ ಮಳೆಗೆ ತೊಳೆದು ತೊಳೆದು ಮೊದಲೇ ಹುಳಿ.

ಸಾರಜನಕ ಇನ್ನೂ ಗೋಜಲು. ಪೊಟ್ಯಾಷಿಯಂ ಥರ ಅದು ಬರೀ ಕೆಳಗೆ ಇಳಿಯಲ್ಲ, ಮೇಲೆಯೇ ಬಳಕೆ ಆಗುತ್ತೆ. ಎಲೆಗಳೂ ಸ್ವಲ್ಪ ಹೀರ್ಕೊಳ್ತವೆ, ನೈಟ್ರೇಟ್‌ಗಿಂತ ಅಮೋನಿಯಂ ಜಾಸ್ತಿ, ಆದ್ರೆ ನಮ್ಮ ಮರಗಳ ಮೇಲೆ ಎಲೆಗಳು ಮಾತ್ರ ಇರಲ್ಲವಲ್ಲ. ಪಾಚಿ, ಕಲ್ಲುಹೂ, ಜರಿಗಿಡ, ಸೀತಾಳೆ ದಂಡೆ, ಕೊಂಬೆ ಕವಲಲ್ಲಿ ಕೂತ ಕೊಳೆತ ಎಲೆಯ ಮಣ್ಣು, ಅದರಲ್ಲಿ ಇರೋ ಲೆಕ್ಕವಿಲ್ಲದ ಬ್ಯಾಕ್ಟೀರಿಯಾ. ಇವಕ್ಕೆ ನೆಲದಲ್ಲಿ ಬೇರಿಲ್ಲ, ಮಳೆ ಮಂಜಿನಲ್ಲಿ ಬಂದದ್ದೇ ಊಟ, ಹಾಗಾಗಿ ಸಾರಜನಕ ಕಂಡ್ರೆ ಬಿಡಲ್ಲ. ಕೆಲವು ಕಲ್ಲುಹೂಗಳ ಒಳಗೆ ಸಯನೋಬ್ಯಾಕ್ಟೀರಿಯಾ ಇದ್ದು ಗಾಳಿಯ ಸಾರಜನಕವನ್ನೇ ಕಟ್ಟಿಕೊಡ್ತವೆ. ಶುದ್ಧ ಗಾಳಿಯ ಜಾಗದಲ್ಲಿ ಕಾಡಿನ ತಲೆ ಸಾರಜನಕವನ್ನ ಹಿಡಿದು ಇಟ್ಕೊಳ್ಳುತ್ತೆ, ಗಾಳಿ ಕೆಟ್ಟ ಜಾಗದಲ್ಲಿ ಹಿಡಿದು ಹಿಡಿದು ಸಾಕಾಗಿ ಕೆಳಗೆ ಬಿಟ್ಟುಬಿಡುತ್ತೆ. ಯೂರೋಪಿನ ಕಾಡುಗಳ ಲೆಕ್ಕ ಒಟ್ಟುಗೂಡಿಸಿ ನೋಡಿದಾಗ ಮರದ ಹನಿಯಲ್ಲಿ ವರ್ಷಕ್ಕೆ ಹೆಕ್ಟೇರಿಗೆ 10 ಕೆಜಿಗಿಂತ ಕಮ್ಮಿ ಸಾರಜನಕ ಬೀಳೋ ಕಡೆ ತೊರೆ ನೀರಿಗೆ ನೈಟ್ರೇಟ್ ಸೋರೋದು ತೀರಾ ಕಮ್ಮಿ ಇತ್ತು, 25 ಕೆಜಿ ದಾಟಿದ ಕಡೆ ಎಲ್ಲಾ ಸೋರ್ತಿತ್ತು. ನಮ್ಮ ತೊರೆಗಳು ಹೋಗಿ ಸೇರೋದು ಕಾವೇರಿಗೆ, ಅದನ್ನ ಮೈಸೂರು ಬೆಂಗಳೂರಿನ ಮನೆ ಮನೆಯಲ್ಲಿ ಕುಡೀತಾರೆ.

ಬಳ್ಳಿಗೆ ರೋಗ ಬರದ ಹಾಗೆ ಹೊಡೆಯೋ ಬೋರ್ಡೋ ದ್ರಾವಣದ ಬಗ್ಗೆ ಒಂದು ಮಾತು. ಮುಂಗಾರಿಗೆ ಮೊದಲು ಮೆಣಸಿಗೆ 1 ಪರ್ಸೆಂಟ್ ಬೋರ್ಡೋ ಹೊಡೀತೀವಿ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಸುಣ್ಣ ಸೇರಿಸಿರೋದಕ್ಕೇ ತಾಮ್ರ ಬೇಗ ಕರಗಿ ಹೋಗದೆ ಎಲೆಗೆ ಅಂಟಿ ಕೂರುತ್ತೆ, ಆದ್ರೂ ಮಳೆ ಮಳೆಗೂ ಸ್ವಲ್ಪ ತೊಳೆದು ಇಳೀತಾನೇ ಇರುತ್ತೆ. ಗಂಧಕ ಸಾರಜನಕ ಥರ ಅಲ್ಲ, ತಾಮ್ರ ಮಣ್ಣಿನ ಸಾವಯವ ಅಂಶಕ್ಕೆ ಕಚ್ಕೊಂಡು ಮೇಲ್ಪದರದಲ್ಲೇ ಉಳಿಯುತ್ತೆ, ವರ್ಷ ವರ್ಷ ಸೇರ್ಕೊಳ್ತಾ ಹೋಗುತ್ತೆ. ಬೋರ್ಡೋ ಬಿಡಿ ಅಂತ ನಾನು ಹೇಳ್ತಿಲ್ಲ, ಸೊರಗು ರೋಗಕ್ಕೆ ಬಳ್ಳಿ ಕಳ್ಕೊಂಡ ಮನೆಗಳು ಗೊತ್ತು. ಮಣ್ಣು ಪರೀಕ್ಷೆಗೆ ಕೊಡುವಾಗ ತಾಮ್ರವನ್ನೂ ನೋಡಿ ಅಂತ ಕೇಳಿ, ಅಷ್ಟೇ.

ಮೆಣಸಿನ ಬಳ್ಳಿಗೂ ಕಾಂಡದ ಮೇಲೆ ಹರಿಯೋ ನೀರಿಗೂ ಇರೋ ಸಂಬಂಧ ಇನ್ನೂ ಹತ್ತಿರದ್ದು. ಒಟ್ಟು ಮಳೆಯಲ್ಲಿ ಅದು ಸಣ್ಣ ಪಾಲು ಅಂದೆ, ಆದ್ರೆ ದೊಡ್ಡ ತಲೆಯ ಮೇಲೆ ಬಿದ್ದದ್ದು ಒಂದು ಬುಡದ ಸುತ್ತ ಮೊಳದಷ್ಟು ಜಾಗಕ್ಕೆ ಇಳಿಯುತ್ತೆ. ತೊಗಟೆಯನ್ನ ಉದ್ದಕ್ಕೂ ಸವರ್ಕೊಂಡು ನಿಧಾನ ಬರೋದ್ರಿಂದ ಸಾಮಾನ್ಯವಾಗಿ ಮರದ ಹನಿಗಿಂತ ಗಟ್ಟಿ ನೀರು ಅದು. ನಯ ತೊಗಟೆ, ಮೇಲ್ಮುಖ ಕೊಂಬೆ ಇರೋ ಮರದಲ್ಲಿ ಜಾಸ್ತಿ ಹರಿಯುತ್ತೆ, ಒರಟು ತೊಗಟೆ ತಾನೇ ಕುಡ್ಕೊಂಡು ಕೂರುತ್ತೆ. ಬಳ್ಳಿಯ ಬೇರು ಇರೋದು ಸರಿಯಾಗಿ ಆ ಬುಡದಲ್ಲೇ. ಪೋಷಕಾಂಶ ಸಿಗೋದೂ ಅಲ್ಲೇ, ನೀರು ನಿಂತು ಬೇರು ಕೊಳೆಯೋ ಅಪಾಯವೂ ಅಲ್ಲೇ. ಮಳೆಗಾಲಕ್ಕೆ ಮೊದಲು ಬುಡದಿಂದ ನೀರು ಹರಿದು ಹೋಗೋ ಹಾಗೆ ಮಾಡಬೇಕು ಅಂತ ಹಿರಿಯರು ಹೇಳ್ತಿದ್ದದ್ದರಲ್ಲಿ ಎಷ್ಟು ಅರ್ಥ ಇದೆ.

ಮಂಜನ್ನ ಮಳೆ ಪುಸ್ತಕದಲ್ಲಿ ಯಾರೂ ಬರೆಯಲ್ಲ. ಮಡಿಕೇರಿ ಕಡೆ, ಗಾಳಿಬೀಡು ಕಡೆ, ಬ್ರಹ್ಮಗಿರಿ, ತಡಿಯಂಡಮೋಳ್ ಸಾಲಿನಲ್ಲಿ ಮೋಡ ಮರಗಳ ನಡುವೆ ನುಗ್ಗಿ ಹೋಗುತ್ತೆ, ಗೇಜ್ ಸೊನ್ನೆ ತೋರಿಸೋ ದಿನವೂ ಮರದ ಕೆಳಗೆ ಟಪ್ ಟಪ್ ಅಂತ ಬೀಳ್ತಿರುತ್ತೆ. ಮೋಡದ ಹನಿ ಮಳೆ ಹನಿಗಿಂತ ತುಂಬಾ ಸಣ್ಣದು, ಅದರಲ್ಲಿ ನೀರು ಕಮ್ಮಿ, ಹಾಗಾಗಿ ಕರಗಿರೋ ವಸ್ತುಗಳ ಸಾಂದ್ರತೆ ಮಳೆಯ ಹಲವು ಪಟ್ಟು. ಬಯಲಲ್ಲಿ ಈ ನೀರು ಬೀಳೋದೇ ಇಲ್ಲ, ಮರ ಇದ್ರೆ ಮಾತ್ರ ಉಂಟು, ಮರ ಕಡಿದ್ರೆ ಆ ನೀರೂ ಹೋಯ್ತು, ಅದರ ಜೊತೆ ಬರ್ತಿದ್ದದ್ದೂ ಹೋಯ್ತು.

ಯಾರಾದ್ರೂ ತಮ್ಮ ತೋಟದಲ್ಲಿ ಇದನ್ನ ಅಳೆಯೋಕೆ ಹೊರಟ್ರೆ ನಾನು ಖುಷಿಯಿಂದ ಜೊತೆಗೆ ನಿಲ್ತೀನಿ. ಒಂದು ಮರದ ಕೆಳಗೆ ಒಂದು ಗೇಜ್ ಇಟ್ರೆ ಏನೂ ಗೊತ್ತಾಗಲ್ಲ, ಎಲೆ ತುದಿಗಳಿಂದ ಒಂದು ಕಡೆ ಧಾರೆಯಾಗಿ ಬೀಳುತ್ತೆ, ಅರ್ಧ ಅಡಿ ಆಚೆ ಒಣ, ಹಾಗಾಗಿ ಹತ್ತಾರು ಕಡೆ ಇಟ್ಟು ಸರಾಸರಿ ತೆಗೀಬೇಕು, ಆಗಾಗ ಜಾಗ ಬದಲಿಸಬೇಕು. ಕೊಳವೆ ಬಾಯಿಗೆ ಬಲೆ ಕಟ್ಟಬೇಕು, ಬಾಟಲ್ ಕತ್ತಲಲ್ಲಿ ಇರಬೇಕು, ಇಲ್ಲಾಂದ್ರೆ ಪಾಚಿ ಬೆಳೆದು ಸಾರಜನಕದ ಲೆಕ್ಕ ಹಾಳು. ಪಿಎಚ್ ಪಟ್ಟಿ ಅದ್ದಿ ನೋಡಬೇಡಿ, ಮಳೆ ನೀರಲ್ಲಿ ಲವಣ ಅಷ್ಟು ಕಮ್ಮಿ ಇರುತ್ತೆ, ಪಟ್ಟಿ ಸರಿ ತೋರಿಸಲ್ಲ, ಲ್ಯಾಬ್‌ನ ಮೀಟರ್ ಬೇಕು.

ನಾನು ಇಷ್ಟೆಲ್ಲ ಬರೀತಿರೋದು ಸಿಲ್ವರ್ ಓಕ್ ವಿಷಯಕ್ಕೆ. ಎರಡು ತಲೆಮಾರು ಹಿಂದೆ ನಮ್ಮ ತೋಟಗಳ ಮೇಲೆ ಹತ್ತಾರು ಜಾತಿ ಮರ ಇದ್ವು, ಅತ್ತಿ, ಬಸರಿ, ಗೋಣಿ, ನಂದಿ, ಮತ್ತಿ, ಹೊನ್ನೆ, ಬೀಟೆ, ನೇರಳೆ, ಹಲಸು, ಕಾಡುಮಾವು, ಸಂಪಿಗೆ, ಹಾಲುವಾಣ. ಒಂದೊಂದರ ಎಲೆ ಒಂದೊಂದು ಥರ, ಉದುರೋ ಕಾಲ ಬೇರೆ, ತೊಗಟೆ ಬೇರೆ, ಮೇಲೆ ಬೆಳೆಯೋ ಪಾಚಿ ಬೇರೆ. ಹಾಲುವಾಣ ಬೇರಲ್ಲಿ ಸಾರಜನಕ ಕಟ್ಟುತ್ತೆ. ಅತ್ತಿ ಗೋಣಿ ಹಣ್ಣಾದಾಗ ಮಂಗಟ್ಟೆ, ಕುಟ್ರುಹಕ್ಕಿ, ಹಸಿರು ಪಾರಿವಾಳ, ರಾತ್ರಿ ಬಾವಲಿ, ಇಡೀ ಊರಿನ ಹಕ್ಕಿಗಳು ಬಂದು ಬೇರೆ ಕಡೆ ತಿಂದದ್ದರ ರಂಜಕವನ್ನೂ ಆ ಮರದ ಮೇಲೆ ಬಿಟ್ಟು ಹೋಗ್ತವೆ, ಮುಂದಿನ ಮಳೆಗೆ ಅದು ಕಾಫಿ ಬುಡಕ್ಕೆ. ಈಗ ಎಷ್ಟೋ ತೋಟದಲ್ಲಿ ಮೇಲೆ ನೋಡಿದ್ರೆ ಆಸ್ಟ್ರೇಲಿಯಾದಿಂದ ಬಂದ ಒಂದೇ ಮರ, ಸಾಲಾಗಿ. ಅದರ ಎಲೆ ಸೀಳು ಸೀಳು, ಉದುರಿದ್ರೆ ಕೊಳೆಯೋಕೆ ನಿಧಾನ, ಮರ ಎತ್ತರ ಆದ್ರೂ ತಲೆ ಕಿರಿದು. ಎತ್ತರದ ಮರದಿಂದ ಬೀಳೋ ದಪ್ಪ ಹನಿ ಹತ್ತು ಮೀಟರ್ ಆಸುಪಾಸಿನಲ್ಲೇ ಹೆಚ್ಚುಕಮ್ಮಿ ಪೂರ್ತಿ ವೇಗ ಪಡೆದುಬಿಡುತ್ತೆ, ಕೆಳಗೆ ಎರಡನೇ ಪದರದ ಮರ ಇಲ್ಲದಿದ್ರೆ ಬಯಲ ಮಳೆಗಿಂತ ಜೋರಾಗಿ ಮಣ್ಣಿಗೆ ಬಡಿಯುತ್ತೆ. ಮಳೆ ನಿಂತ್ರೂ ಮರದ ಹನಿ ನಿಲ್ಲಲ್ಲ ಅಂತೀವಲ್ಲ, ಆ ಹನಿಯ ಪೆಟ್ಟನ್ನೂ ನೋಡಬೇಕು.

ಜನರನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಸಿಲ್ವರ್ ಬೇಗ ಬೆಳೆಯುತ್ತೆ, ನೆಟ್ಟಗೆ ಹೋಗುತ್ತೆ, ಮೆಣಸಿಗೆ ಆಧಾರ, ಕೊಂಬೆ ಸವರೋ ಕಪಾತು ಸುಲಭ, ಕಡಿಯೋಕೆ ಪರ್ಮಿಷನ್ ಬೇಡ. ಅದೇ ಒಂದು ನಂದಿಯೋ ಬೀಟೆಯೋ ಬೆಳೆಸಿದ್ರೆ, ಜಮೀನು ಅನ್‌ರಿಡೀಮ್ಡ್ ಬಾಣೆ, ಅಂದ್ರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸ್ಕೊಳ್ಳದ ಜಮೀನು ಆಗಿದ್ರೆ, ಮರದ ಮೇಲಿನ ಹಕ್ಕು ಬೆಳೆಸಿದವನದ್ದಲ್ಲ. ತನ್ನದಲ್ಲದ ಮರವನ್ನ ಯಾಕೆ ಬೆಳೆಸ್ತಾನೆ? ಕೊಡಗಿನಲ್ಲಿ 1200ಕ್ಕೂ ಹೆಚ್ಚು ದೇವರಕಾಡು ಉಳಿದಿರೋದು ಅಲ್ಲಿ ಮರದ ಲೆಕ್ಕ ಬೇರೆ ಇರೋದಕ್ಕೆ. ತೋಟಕ್ಕೆ ಆ ಲೆಕ್ಕ ನಡೆಯಲ್ಲ, ಕಾನೂನು ಬದಲಾಗದೆ ತೋಟದ ತಲೆ ಬದಲಾಗಲ್ಲ ಅಂತ ನನ್ನ ಗಟ್ಟಿ ನಂಬಿಕೆ.

ಹಲಸಿನ ವಿಷಯಕ್ಕೆ ಮನೆಯಲ್ಲಿ ಇನ್ನೂ ಮಾತು ಮುಗಿದಿಲ್ಲ. ನನಗೆ ಸಿಲ್ವರ್ ಕಡಿದ ಜಾಗಕ್ಕೆಲ್ಲ ಹಲಸು ಬೇಕು, ದಟ್ಟ ಎಲೆ, ವರ್ಷಪೂರ್ತಿ ಹಸಿರು. ಅಪ್ಪ ಬೇಡ ಅಂತಾರೆ, ಹಣ್ಣಿನ ವಾಸನೆಗೆ ಆನೆ ಒಳಗೆ ಬರುತ್ತೆ, ಕೆಲಸದವರು ಬೆಳಿಗ್ಗೆ ನಡೆದು ಬರೋ ದಾರಿ ಅದು, ಅಪ್ಪನ ಮಾತಿಗೆ ಎದುರಾಡೋ ಹಾಗಿಲ್ಲ. ಹಾಗಾಗಿ ಈ ಸಲ ಹಲಸು ಮನೆ ಹತ್ತಿರದ ಬ್ಲಾಕಿಗೆ ಮಾತ್ರ, ಎಳೆಕಾಯಲ್ಲೇ ಕಿತ್ತು ತೆಗೆಯೋ ಹಾಗೆ. ತೋಡಿನ ಬದಿಗೆ ಅತ್ತಿ ಮತ್ತೆ ನೇರಳೆ, ಮೇಲಿನ ಇಳಿಜಾರಿಗೆ ಸಂಪಿಗೆ, ನಡುವೆ ನಡುವೆ ಹಾಲುವಾಣದ ಗೂಟ. ಅತ್ತಿ ಕೊಂಬೆಗಳನ್ನ ಕಡಿದು ತೇವದಲ್ಲಿ ಇಟ್ಟಾಗಿದೆ, ಮಳೆ ಹಿಡಿದ ಮೇಲೆ ಗುಂಡಿ ತೆಗೆಯೋದು.